ಅನುಮಾನದಕ್ಕ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಅನುಮಾನದಕ್ಕ ಅಂತಲೇ ಕರೆಯುತ್ತಿದ್ದರು. ಎದುರಿಗೆ ಕರೆಯುವ ಧೈರ್ಯ ಒಬ್ಬಿಬ್ಬರಿಗೆ ಮಾತ್ರ, ಬೆನ್ನ ಹಿಂದೆ ಎಲ್ಲರಿಗೂ. ನಲ್ಲಿ, ಪೈಪು, ಷವರ್ ತಯಾರಿಸುವ ಕಂಪನಿ ಅದು. ಅಲ್ಲಿಯ ಕಂಪ್ಯೂಟರ್ ವಿಭಾಗದಲ್ಲಿ ಅವಳ ಕೆಲಸವೆಂದರೆ, ಸಿಬ್ಬಂದಿಗೆ ಬರುವ ಇಮೇಲ್‌ಗಳಲ್ಲಿ ಯಾವುದು ಕಳ್ಳರದು, ಯಾವುದು ಸಾಚಾ ಎಂದು ಹೇಳುವುದು. ಪ್ರತಿಯೊಬ್ಬರ ಮೇಲ್ ಪೆಟ್ಟಿಗೆಯ ಮೂಲೆಯಲ್ಲೂ ಒಂದು ಕೆಂಪು ಗುಂಡಿ ಇತ್ತು. ಮೇಲ್ ನೋಡಿ ಅನುಮಾನ ಬಂದರೆ ಅದನ್ನು ಒತ್ತಬೇಕು. ಒತ್ತಿದ ಕೂಡಲೇ ಆ ಮೇಲ್ ಅವರ ಪೆಟ್ಟಿಗೆಯಿಂದ ಮಾಯವಾಗಿ ಇವಳ ಪೆಟ್ಟಿಗೆಗೆ ಬಂದು ಬೀಳುತ್ತದೆ. ಕಳಿಸಿದವರು ಹೊರಗಿನವರಾದರೆ ಅವರ ವಿಳಾಸಕ್ಕೂ, ಅದರಲ್ಲಿದ್ದ ಲಿಂಕಿಗೂ ಕಂಪನಿಯ ಬಾಗಿಲು ಮುಚ್ಚುತ್ತದೆ. ಒತ್ತಿದವರಿಗೆ “ಶಭಾಷ್! ನೀವು ಮೋಸ ಹೋಗಲಿಲ್ಲ” ಎಂಬ ಉತ್ತರ ತನ್ನಷ್ಟಕ್ಕೆ ತಾನೇ ಹೋಗುತ್ತದೆ. ಆ ಶಭಾಷನ್ನು ಬರೆದಿಟ್ಟವಳೂ ಅವಳೇ, ಯಾವುದೋ ಕಾಲದಲ್ಲಿ, ಟೀ ಕುಡಿಯುತ್ತಾ.

ಸೋಂಕು ಹಬ್ಬಿ ಎಲ್ಲರೂ ಮನೆ ಸೇರಿದ ಮೇಲೆ ಕಳ್ಳರಿಗೆ ಸುಗ್ಗಿಯೋ ಸುಗ್ಗಿ. ಲಸಿಕೆಗೆ ಹೆಸರು ಬರೆಸಿ, ಪರಿಹಾರದ ಹಣ ಪಡೆಯಿರಿ, ನಿಮ್ಮ ಪರೀಕ್ಷೆಯ ವರದಿ ಇಲ್ಲಿದೆ, ನಿಮ್ಮ ಬೀದಿಯಲ್ಲಿ ಯಾರಿಗೆ ಸೋಂಕಿದೆ ನೋಡಿ ಎಂದು ದಿನಕ್ಕೊಂದು ವೇಷ ಹಾಕಿಕೊಂಡು ಬರುತ್ತಿದ್ದರು. ಭಯ ಬಿದ್ದವನ ಬೆರಳು ತಲೆಗಿಂತ ಮೊದಲು ಓಡುತ್ತದೆ. ಅದು ಕಳ್ಳರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿರುವುದರಿಂದಲೇ ಕಂಪನಿ ಅವಳಿಗೆ ಸಂಬಳ ಕೊಡುತ್ತಿದ್ದದ್ದು.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಊಟದ ಮೇಜಿಗೆ ಎರಡು ಕುರ್ಚಿ, ಒಂದರ ಮೇಲೆ ಅವಳು, ಇನ್ನೊಂದರ ಮೇಲೆ ಮಡಿಚದೆ ಬಿಟ್ಟ ಬಟ್ಟೆ. ಸಾಮಾನು ತರುವವನು ಚೀಲವನ್ನು ಬಾಗಿಲ ಬಳಿ ಇಟ್ಟು, ಗಂಟೆ ಒತ್ತಿ, ಅವಳು ಚಿಲಕ ತೆಗೆಯುವಷ್ಟರಲ್ಲಿ ಮೆಟ್ಟಿಲಿಳಿದಿರುತ್ತಿದ್ದ. ಮಹಡಿಯ ಮೇಲಿನವರು ಕುರ್ಚಿ ಎಳೆದ ಸದ್ದಾದರೆ ಮೊದಲೆಲ್ಲ ರೇಗುತ್ತಿದ್ದವಳು, ಈಗ ಆ ಸದ್ದಿಗಾಗಿ ಕಿವಿ ನಿಮಿರಿಸಿ ಕೂರುವಂತಾಗಿದ್ದಳು. ಸದ್ಯ, ಯಾರೋ ಇದ್ದಾರೆ ಅಂದುಕೊಳ್ಳುತ್ತಿದ್ದಳು.

ಬಂಧುಬಳಗ ಇರಲಿಲ್ಲವೆಂದಲ್ಲ. ಅಣ್ಣ, ಅತ್ತಿಗೆ, ಚಿಕ್ಕಮ್ಮ, ಚಿಕ್ಕಮ್ಮನ ಮಕ್ಕಳು ಎಲ್ಲ ಸೇರಿದ ಒಂದು ವಾಟ್ಸಾಪ್ ಗ್ರೂಪು ಇತ್ತು. ಅಣ್ಣ ಅದರಲ್ಲಿ “ಮನೆಮನೆಗೆ ಉಚಿತ ಆಕ್ಸಿಮೀಟರ್” ಎಂದು ಹಾಕಿದರೆ ಇವಳು “ಮೋಸ, ಒತ್ತಬೇಡಿ” ಅನ್ನುವಳು. ಚಿಕ್ಕಮ್ಮ ಸೋಂಕಿಗೆ ಕಷಾಯ ಹಾಕಿದರೆ ಇವಳು “ಸುಳ್ಳು, ಬೇರೆಯವರಿಗೆ ಕಳಿಸಬೇಡಿ” ಅನ್ನುವಳು. ಹೇಳಿದ್ದೆಲ್ಲ ಸರಿಯೇ. ಸರಿಯಾದದ್ದನ್ನು ಸದಾ ಹೇಳುವವರ ಪಕ್ಕದಲ್ಲಿ ಯಾರು ತಾನೇ ಕೂರುತ್ತಾರೆ? ಕ್ರಮೇಣ ಗ್ರೂಪು ತಣ್ಣಗಾಯಿತು. ರೋಗದ ಭಯಕ್ಕೆ ಎಲ್ಲರ ಬಾಯಿ ಕಟ್ಟಿದೆ ಎಂದು ಇವಳು ತಿಳಿದಳು. ಒಂದು ದಿನ ಅತ್ತಿಗೆ ಫೋನಿನಲ್ಲಿ, “ಮಗುವಿನ ಫೋಟೋ ನೋಡಿದ್ಯಾ? ಆ ಇನ್ನೊಂದು ಗ್ರೂಪಲ್ಲಿ ಹಾಕಿದ್ನಲ್ಲ” ಎಂದು ಬಾಯಿ ತಪ್ಪಿ ಅಂದುಬಿಟ್ಟು, ತಕ್ಷಣ ಹಾಲು ಉಕ್ಕುತ್ತಿದೆಯೆಂದು ಫೋನಿಟ್ಟಳು. ಅವತ್ತು ಇವಳು ರಾತ್ರಿಯ ಅಡುಗೆ ಮಾಡಲಿಲ್ಲ.

ಹೀಗಿರುವಾಗ ಅವಳಿಗೆ ಸಿಕ್ಕವರು ಡಿಸ್ಪ್ಯಾಚ್ ವಿಭಾಗದ ಗುಮಾಸ್ತರು. ಸಿಕ್ಕವರು ಅನ್ನುವುದಕ್ಕಿಂತ ಬಿದ್ದವರು ಅನ್ನಬೇಕು. ಕಂಪನಿಯವರು ಆಗಾಗ ಅವಳ ಕೈಲೇ ಸುಳ್ಳು ಮೇಲ್ ಬರೆಸಿ ಸಿಬ್ಬಂದಿಗೆ ಕಳಿಸಿ, ಯಾರು ಮೋಸ ಹೋಗುತ್ತಾರೆ ಎಂದು ಪರೀಕ್ಷಿಸುವ ಪದ್ಧತಿ ಇತ್ತು. ಆ ಸಲ ಅವಳು “ಸಿಬ್ಬಂದಿಯ ಕುಟುಂಬಕ್ಕೆ ಮೊದಲು ಲಸಿಕೆ” ಎಂದು ಬರೆದಳು. ಬಹಳ ಚೆನ್ನಾಗಿ ಬರೆದಳು. ಗುಮಾಸ್ತರು ಅದಕ್ಕೆ ತಮ್ಮ ಪಾಸ್‌ವರ್ಡ್ ಕೊಟ್ಟದ್ದಲ್ಲದೆ, ಹೆಂಡತಿಯ ವಯಸ್ಸು ತುಂಬಿ, ಕೊನೆಗೆ “ಇವಳಿಗೆ ಸೂಜಿ ಅಂದ್ರೆ ಭಯ. ದಯವಿಟ್ಟು ನಿಧಾನಕ್ಕೆ ಚುಚ್ಚಬೇಕು” ಎಂದೂ ಸೇರಿಸಿದ್ದರು. ಅದನ್ನು ಓದಿ ಅವಳಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು.

ಮೋಸ ಹೋದವರೆಲ್ಲ ಅವಳು ಬರೆದಿಟ್ಟ ಪಾಠ ಓದಬೇಕೆಂಬುದು ನಿಯಮ. ಗುಮಾಸ್ತರು ಓದಿದರು. ಎಷ್ಟು ಮನಸ್ಸಿಟ್ಟು ಓದಿದರೆಂದರೆ, ಮರುದಿನದಿಂದ ಬಂದದ್ದಕ್ಕೆಲ್ಲ ಕೆಂಪು ಗುಂಡಿ ಒತ್ತತೊಡಗಿದರು. ಗುಂಡಿಯ ಕೆಳಗೆ ಟಿಪ್ಪಣಿ ಬರೆಯಲು ಒಂದು ಜಾಗವಿತ್ತು. ಬೇರೆ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಇವರು ಮಾತ್ರ ಬಿಡದೆ ಬರೆದರು. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವರು, ಆದರೂ ಅಕ್ಕ ಎಂದೇ ಶುರು.

“ಅಕ್ಕಾ, ನಮ್ಮ ಮ್ಯಾನೇಜರು ಹುಟ್ಟುಹಬ್ಬದ ಶುಭಾಶಯ ಕಳಿಸಿದಾರೆ. ಇಷ್ಟು ವರ್ಷದಲ್ಲಿ ಕಳಿಸಿದ್ದೇ ಇಲ್ಲ. ನಂಗೆ ಅನುಮಾನ.”

ಅವಳು ಪರಿಶೀಲಿಸಿ ಉತ್ತರ ಬರೆದಳು: “ಸಾಚಾ. ಅವರಿಗೂ ಮನೆಯಲ್ಲಿ ಕೂತು ಬೇಜಾರಾಗಿರಬೇಕು.”

“ಅಕ್ಕಾ, ಸಂಬಳ ಬಂತು ಅಂತ ಮೇಲ್ ಬಂದಿದೆ. ನಂಬ್ಲಾ?”

“ನಂಬಿ. ತೀರಾ ಜಾಸ್ತಿ ನಂಬಬೇಡಿ.”

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅವಳು ಆ ಪೆಟ್ಟಿಗೆ ತೆರೆದು ನೋಡುತ್ತಿದ್ದಳು. ಗುಮಾಸ್ತರ ಟಿಪ್ಪಣಿ ಇದ್ದರೆ ಅದನ್ನು ಕೊನೆಗೆ ಓದಲೆಂದು ಇಟ್ಟುಕೊಳ್ಳುವಳು. ಒಮ್ಮೆಯೂ ಮುಖ ನೋಡಿಲ್ಲ, ದನಿ ಕೇಳಿಲ್ಲ. ಆದರೂ ಇಡೀ ದಿನದಲ್ಲಿ ಅವಳನ್ನು ಉದ್ದೇಶಿಸಿ ಯಾರಾದರೂ ಆಡುತ್ತಿದ್ದ ಮಾತೆಂದರೆ ಅದೊಂದೇ. ಅದನ್ನು ಯಾರಿಗಾದರೂ ಹೇಳಿಕೊಂಡರೆ ನಗುತ್ತಾರೆ. ಹೇಳಿಕೊಳ್ಳಲು ಯಾರೂ ಇರಲಿಲ್ಲವಾದ್ದರಿಂದ ಆ ಭಯವಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಹೀಗೆ ಬಂತು: “ಅಕ್ಕಾ, ಈ ವಾರ ಸ್ವಲ್ಪ ಕಡಿಮೆ ಅನುಮಾನ ಪಡ್ತೀನಿ. ಮನೆಯವಳನ್ನ ಜಿಲ್ಲಾ ಆಸ್ಪತ್ರೆಗೆ ಸೇರಿಸಿದೀನಿ. ನಮ್ಮನ್ನ ಒಳಗೆ ಬಿಡೋದಿಲ್ಲ. ಗೇಟಿನ ತನಕ ಹೋಗಿ ಬರ್ತೀನಿ, ಅಷ್ಟೇ.”

ಅವಳು ಏನೇನೋ ಬರೆದಳು, ಅಳಿಸಿದಳು. ಕೊನೆಗೆ “ಬೇಗ ಹುಷಾರಾಗ್ತಾರೆ, ಧೈರ್ಯವಾಗಿರಿ” ಎಂದು ಕಳಿಸಿದಳು. ಕಳಿಸಿದ ಮೇಲೆ ಅದು ಆ ಶಭಾಷ್‌ನ ಹಾಗೇ ಕಂಡಿತು, ಬರೆದಿಟ್ಟದ್ದು ತಾನೇ ಹೋದಂತೆ. ಅನಂತರ ಟಿಪ್ಪಣಿಗಳು ನಿಂತವು. ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಕಳ್ಳರು ಮಾತ್ರ ಇರುತ್ತಿದ್ದರು.

ಅವತ್ತು ಮಧ್ಯಾಹ್ನ ತಟ್ಟೆ ತೊಳೆದು ಬಂದು ಕೂತಾಗ ಗುಮಾಸ್ತರ ಕಡೆಯಿಂದ ಒಂದು ಮೇಲ್ ಬಿದ್ದಿತ್ತು. ಅವಳಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಮೊದಲು ಟಿಪ್ಪಣಿಯನ್ನೇ ಓದಿದಳು.

“ಅಕ್ಕಾ, ಇದು ನಿಮ್ಮ ಪರೀಕ್ಷೆ ಆಗಿದ್ರೆ, ಇದೊಂದು ಬೇಡವಾಗಿತ್ತು. ಅವಳು ಒಳಗಿದಾಳೆ ಅಂತ ನಿಮಗೆ ಗೊತ್ತಿತ್ತು. ಕಳ್ಳರದ್ದಾದ್ರೆ ಅವರನ್ನ ದೇವರು ನೋಡ್ಕೊಳ್ಳಲಿ. ಹೇಗೂ ನಾನು ಬೀಳ್ಲಿಲ್ಲ.”

ಕೆಳಗೆ ಅವರು ಗುಂಡಿ ಒತ್ತಿ ಸಾಗಹಾಕಿದ ಮೇಲ್ ಇತ್ತು: “ಪ್ರಿಯ ಬಂಧುಗಳೇ, ನಿಮ್ಮ ರೋಗಿಯನ್ನು ಇಂದು ಮಧ್ಯಾಹ್ನ ಉಸಿರಾಟದ ಯಂತ್ರಕ್ಕೆ ಹಾಕುತ್ತೇವೆ. ಹಾಕಿದ ಮೇಲೆ ಮಾತಾಡಲು ಆಗುವುದಿಲ್ಲ. ಅದಕ್ಕೆ ಮೊದಲು ನೋಡಿ ಮಾತಾಡಬೇಕಾದರೆ ಕೂಡಲೇ ಕೆಳಗಿನ ಲಿಂಕ್ ಒತ್ತಿ. ತಡ ಮಾಡಬೇಡಿ.”

ಪರೀಕ್ಷೆ ತನ್ನದಲ್ಲ ಎಂಬುದು ಅವಳೊಬ್ಬಳಿಗೇ ಖಚಿತವಾಗಿ ಗೊತ್ತಿದ್ದ ಸಂಗತಿ. ಉಳಿದದ್ದು ಎರಡೇ: ಕಳ್ಳರು, ಇಲ್ಲವೇ ನಿಜ. ಗುಮಾಸ್ತರಿಗೆ ಆಗಲೇ ಶಭಾಷ್ ಹೋಗಿ ಮುಟ್ಟಿತ್ತು.

ಮೇಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕಳಿಸಿದ ವಿಳಾಸ ಆಸ್ಪತ್ರೆಯದಲ್ಲ, ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದದ್ದು. ರೋಗಿಯ ಹೆಸರಿಲ್ಲ, ಬಂಧುವಿನ ಹೆಸರಿಲ್ಲ. ಸಾಲದ್ದಕ್ಕೆ ಅವಸರ, ಅದರ ಜೊತೆಗೆ ಭಯ. ಅವಳೇ ಪಾಠದಲ್ಲಿ ಹೇಳಿಕೊಟ್ಟ ಲಕ್ಷಣಗಳೆಲ್ಲ ಒಂದೂ ಬಿಡದೆ ಇದ್ದವು. ಗುಮಾಸ್ತರು ಪಾಠವನ್ನು ಅಕ್ಷರಶಃ ಪಾಲಿಸಿದ್ದರು. ಅವರ ಜಾಗದಲ್ಲಿ ತಾನಿದ್ದರೂ ಗುಂಡಿ ಒತ್ತುತ್ತಿದ್ದೆ ಅನ್ನಿಸಿತು. ರೋಗಿಗಳ ಮನೆಯವರ ವಿಳಾಸ ಕದ್ದು ಇಂಥದೇ ಮೇಲ್ ಕಳಿಸುವ ಕಳ್ಳರು ಇದ್ದದ್ದೂ ಸುಳ್ಳಲ್ಲ.

ಆದರೆ ಒಂದು ವಿಷಯ ಮಾತ್ರ ಹೊಂದುತ್ತಿರಲಿಲ್ಲ. ಕಳ್ಳರ ಮೇಲ್ ಏನನ್ನಾದರೂ ಕೇಳುತ್ತದೆ. ಪಾಸ್‌ವರ್ಡ್, ಕಾರ್ಡಿನ ನಂಬರು, ಶುಲ್ಕ, ಏನಾದರೊಂದು. ಇದು ಏನನ್ನೂ ಕೇಳಿರಲಿಲ್ಲ. ಬಂದು ಮಾತಾಡಿ ಅಂದಿತ್ತು, ಅಷ್ಟೇ.

ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಮಾಡಬೇಡಿ, ನಂಬರನ್ನು ನೀವೇ ಹುಡುಕಿ ಮಾಡಿ ಎಂಬುದು ಅವಳದೇ ನಿಯಮ. ಆಸ್ಪತ್ರೆಯ ನಂಬರು ಹುಡುಕಿ ಫೋನ್ ಮಾಡಿದಳು. ಎಂಗೇಜ್. ಮತ್ತೆ ಮಾಡಿದಳು. ಯಾರೋ ಎತ್ತಿ, “ವಾರ್ಡಿನ ವಿಷಯ ನಮಗೆ ಗೊತ್ತಾಗಲ್ಲಮ್ಮ, ಇಲ್ಲಿ ನಿಂತ್ಕೊಳ್ಳೋಕೂ ಪುರುಸೊತ್ತಿಲ್ಲ” ಎಂದು ಇಟ್ಟುಬಿಟ್ಟರು. ಕಂಪನಿಯ ಪಟ್ಟಿಯಿಂದ ಗುಮಾಸ್ತರ ನಂಬರು ತೆಗೆದು ಮಾಡಿದಳು. ಅವರು ಕಟ್ ಮಾಡಿದರು. ಗುರುತಿಲ್ಲದ ನಂಬರು ಎತ್ತಬೇಡಿ ಎಂದು ಹೇಳಿಕೊಟ್ಟವಳು ಯಾರು? ಅವಳೇ.

ಅನುಮಾನದ ಲಿಂಕುಗಳನ್ನು ತೆರೆದು ನೋಡಲೆಂದು ಅವಳ ಬಳಿ ಒಂದು ಹಳೇ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ. ಕ್ಯಾಮೆರಾಕ್ಕೆ ಟೇಪ್ ಅಂಟಿಸಿದ್ದಳು. ಅದನ್ನು ಎಳೆದುಕೊಂಡು ಲಿಂಕ್ ಒತ್ತಿದಳು.

ಪರದೆ ಒಂದು ಕ್ಷಣ ಬೆಳ್ಳಗಾಗಿ, ಆಮೇಲೆ ಅಲುಗಾಡಿತು. ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಸುತ್ತಿಕೊಂಡ ಒಬ್ಬ ನರ್ಸು ಕಂಡಳು. ಅವಳ ಕನ್ನಡಕದೊಳಗೆ ಮಂಜು ಕಟ್ಟಿತ್ತು.

“ಅಬ್ಬ, ಬಂದ್ರಾ!” ಅಂದಳು ನರ್ಸು. “ಎಷ್ಟೊತ್ತಿಂದ ಕಾಯ್ತಿದೀನಿ. ಅಡ್ಮಿಟ್ ಮಾಡುವಾಗ ನೀವು ಗಾಬರೀಲಿ ಪೇಶೆಂಟ್ ಫೋನ್ ನಂಬರನ್ನೇ ಬರೆಸಿದೀರಿ. ಆ ಫೋನು ಇಲ್ಲೇ ಚಾರ್ಜಿಲ್ಲದೆ ಬಿದ್ದಿದೆ. ಇದ್ದಿದ್ದು ಈ ಮೇಲ್ ಐಡಿ ಒಂದೇ, ಅದಕ್ಕೇ ನನ್ನ ಸ್ವಂತ ಫೋನಿಂದ ಕಳಿಸ್ದೆ. ಬೇಗ ಮಾತಾಡಿ. ಕಟ್ ಮಾತ್ರ ಮಾಡ್ಬೇಡಿ, ಬೇರೆಯವರೂ ಕಾಯ್ತಿದಾರೆ. ಕಟ್ಟಾದ್ರೆ ಅವರ ಸರದಿ.”

ಫೋನು ತಿರುಗಿತು. ಹಾಸಿಗೆಯ ಮೇಲೆ ಒಬ್ಬ ಹೆಂಗಸು. ಕೂದಲು ಬಿಚ್ಚಿ ದಿಂಬಿಗೆ ಅಂಟಿತ್ತು. ಮುಖದ ಮೇಲೆ ಆಕ್ಸಿಜನ್ ಮಾಸ್ಕು. ಮಾತಾಡಲೆಂದು ನರ್ಸು ಅದನ್ನು ಒಂದು ಬದಿಗೆ ಎತ್ತಿ ಹಿಡಿದಳು.

“ರೀ, ಕಾಣ್ತಿಲ್ಲ,” ಅಂದಳು ಆ ಹೆಂಗಸು. “ಬರೀ ಕಪ್ಪು.”

ಅವಳು ಉಗುರಿನಿಂದ ಕ್ಯಾಮೆರಾದ ಟೇಪ್ ಕಿತ್ತಳು. ಕಿತ್ತ ಮೇಲೆ ತನ್ನ ಮುಖವನ್ನು ಪರದೆಯ ಮೂಲೆಯಲ್ಲಿ ಕಂಡು ತಾನೇ ಬೆಚ್ಚಿದಳು. ಅವಳ ಮುಖವನ್ನು ಇನ್ನೊಬ್ಬರು ನೋಡಿ ಬಹಳ ಕಾಲವಾಗಿತ್ತು.

“ನಾನು ಅವರಲ್ಲಮ್ಮ. ಅವರ ಆಫೀಸಿನವಳು. ಒಂದೇ ನಿಮಿಷ, ಅವರನ್ನ ಫೋನಲ್ಲಿ ಕರೀತೀನಿ. ಕಟ್ ಮಾಡ್ಬೇಡಿ, ದಯವಿಟ್ಟು ಕಟ್ ಮಾಡ್ಬೇಡಿ.”

ಲಿಂಕನ್ನು ಅವರಿಗೇ ಮರಳಿ ಕಳಿಸೋಣವೆಂದರೆ ಕಂಪನಿಯ ಬಾಗಿಲು ಆ ಲಿಂಕಿಗೆ ಮುಚ್ಚಿತ್ತು. ಮೊಬೈಲಿಗೆ ಕಳಿಸಿದರೆ, ಗುರುತಿಲ್ಲದ ನಂಬರಿನಿಂದ ಬಂದ ಲಿಂಕನ್ನು ಅವರು ಒತ್ತುವವರಲ್ಲ. ಮೊಬೈಲ್ ತೆಗೆದು ಮತ್ತೆ ಗುಮಾಸ್ತರಿಗೆ ಮಾಡಿದಳು. ಕಟ್. ಮತ್ತೆ ಮಾಡಿದಳು. ಕಟ್. ಪರದೆಯ ಮೇಲೆ ಆ ಹೆಂಗಸು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಎತ್ತಿ, ಎತ್ತಿ ಎಂದು ಇವಳು ಬಾಯಿಬಿಟ್ಟು ಗೋಗರೆಯುತ್ತಿದ್ದಳು, ತನ್ನದೇ ಪಾಠದ ಮುಂದೆ.

ಕೊನೆಗೆ ಫೋನ್ ಎತ್ತಿದ ದನಿ ಸಿಟ್ಟಿನದು. “ಯಾರ್ರೀ ಅದು? ಓಟಿಪಿ ಗೀಟಿಪಿ ಏನೂ ಕೊಡೋದಿಲ್ಲ ನಾನು. ಇಡ್ರಿ ಫೋನು.”

“ಸರ್, ನಾನು ಅನುಮಾನದಕ್ಕ.” ಆ ಹೆಸರನ್ನು ತನ್ನ ಬಾಯಿಂದ ತಾನೇ ಅವಳು ಹೇಳಿದ್ದು ಅದೇ ಮೊದಲು.

“ಅನುಮಾನದಕ್ಕ ಅಂತ ಯಾರು ಬೇಕಾದ್ರೂ ಹೇಳ್ಬಹುದು. ಅವರೇ ಹೇಳಿಕೊಟ್ಟಿದಾರೆ ನಂಗೆ.”

ಅವಳು ಮೊಬೈಲನ್ನು ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪಿನ ಪಕ್ಕಕ್ಕೆ ಹಿಡಿದು, “ಮಾತಾಡಿಯಮ್ಮ” ಅಂದಳು.

“ರೀ,” ಅಂದಳು ಹೆಂಗಸು.

ಮೊಬೈಲಿನ ಆ ಕಡೆ ಒಂದು ಕುರ್ಚಿ ಬಿದ್ದ ಸದ್ದು.

“ನೀನೇನೇ?”

“ನಾನಲ್ದೆ ಇನ್ಯಾರು.”

“ಇರು, ಇರು. ನನ್ನ ಹೊಸ ಚಪ್ಪಲಿ ಯಾಕೆ ಕಚ್ಚತ್ತೆ, ಹೇಳು ನೋಡೋಣ.”

“ನಾನು ಬೇಡ ಅಂದ್ರೂ... ತಗೊಂಡ್ರಲ್ಲ... ಅದಕ್ಕೆ.”

ಗುಮಾಸ್ತರು ಗಟ್ಟಿಯಾಗಿ ನಕ್ಕರು. ನಗು ಅರ್ಧಕ್ಕೆ ಒಡೆದು ಬೇರೇನೋ ಆಯಿತು.

ಅವಳು ಒಂದು ಕೈಯಲ್ಲಿ ಮೊಬೈಲನ್ನು ಲ್ಯಾಪ್‌ಟಾಪಿಗೆ ಒತ್ತಿ ಹಿಡಿದು ನಿಂತಿದ್ದಳು. ಗಂಡ ಹೆಂಡತಿಯ ಮಾತು, ಕೇಳಬಾರದು. ಆದರೆ ಕೈ ಬಿಟ್ಟರೆ ಮಾತೇ ನಿಲ್ಲುತ್ತದೆ. ಮುಖವನ್ನು ಆಚೆ ತಿರುಗಿಸಿದಳು. ಕಿವಿಯನ್ನು ತಿರುಗಿಸಲು ಬರುವುದಿಲ್ಲವಲ್ಲ. ಅವಳ ಆ ಒಂಟಿ ಕೋಣೆಯಲ್ಲಿ, ಮಡಿಚದ ಬಟ್ಟೆಗಳ ನಡುವೆ, ಯಾರದೋ ಸಂಸಾರ ನಡೆಯಿತು. ನಿಮ್ಮ ಬಿಪಿ ಮಾತ್ರೆ ಎರಡನೇ ಡ್ರಾಯರಲ್ಲಿದೆ. ಗೊತ್ತು. ಗೊತ್ತಿದ್ರೆ ತಗೊಳ್ಳಿ. ಪಕ್ಕದ ಮನೆಯವರ ಡಬ್ಬಿ ವಾಪಸ್ ಕೊಟ್ರಾ? ಕೊಟ್ಟೆ. ಖಾಲಿ ಕೊಟ್ರಾ? ಇನ್ನೇನು ಮಾಡ್ಲಿ, ನಂಗೆ ಅಡುಗೆ ಬರತ್ತಾ? ಬಚ್ಚಲ ನಲ್ಲಿ ಸೋರ್ತಿದೆಯಾ ಇನ್ನೂ? ಸೋರ್ತಿದೆ. ನಲ್ಲಿ ಕಂಪನೀಲಿ ಕೆಲಸ, ನಮ್ಮ ಮನೆ ನಲ್ಲಿ ಸೋರತ್ತೆ. ನೀನು ಬಾ, ಸರಿ ಮಾಡಿಸ್ತೀನಿ. ಇವರಿಬ್ಬರಿಗೂ ಹೊತ್ತು ಬೆಟ್ಟದಷ್ಟು ಬಿದ್ದಿದೆ ಅನ್ನುವ ಹಾಗೆ ಮಾತಾಡುತ್ತಿದ್ದರು. ಸೋತ ಕೈಗೆ ಅವಳು ಇನ್ನೊಂದು ಕೈಯನ್ನೂ ಆಸರೆ ಕೊಟ್ಟಳು. ಅವರ ಆ ಸೋರುವ ನಲ್ಲಿಯ ಮೇಲೆ ಅವಳಿಗೆ ಎಂಥ ಹೊಟ್ಟೆಕಿಚ್ಚಾಯಿತೆಂದರೆ, ಕಣ್ಣಲ್ಲಿ ನೀರು ಬಂತು.

ಕಣ್ಣು ಒರೆಸಿಕೊಳ್ಳಲು ಕೈ ಇಲ್ಲದೆ ಪರದೆಯ ಕಡೆ ತಿರುಗಿದಳು. ಹೆಂಗಸಿನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತುಟಿ ಒಡೆದಿತ್ತು. ಚಪ್ಪಲಿಯ ಮಾತು ಹೇಳುವಾಗಲೂ, ಈಗಲೂ, ಅವಳ ಕಣ್ಣು ಮುಚ್ಚಿಯೇ ಇತ್ತು. ಮಾತು ಹೊರಬರುತ್ತಿದ್ದದ್ದು ಎಲ್ಲಿಂದಲೋ, ಒಂದೊಂದೇ ಮೆಟ್ಟಿಲು ಹತ್ತಿಕೊಂಡು. ಹೊದಿಕೆಯ ಮೇಲೆ ಬೆರಳುಗಳು ಏನನ್ನೋ ತಡಕುತ್ತಿದ್ದವು.

“ಡಾಕ್ಟರ್ ಬಂದ್ರು,” ಅಂದಳು ನರ್ಸು. “ಸಾಕಮ್ಮ, ಇನ್ನು ಸಾಕು.”

“ರೀ, ಇಡ್ತೀನಿ,” ಅಂದಳು ಹೆಂಗಸು, ಅಂಗಡಿಗೆ ಹೊರಟವಳ ಹಾಗೆ.

ಪರದೆ ಕಪ್ಪಾಯಿತು. ಕೋಣೆ ಮೊದಲಿನಂತಾಯಿತು. ಅವಳು ಮೊಬೈಲನ್ನು ಕೆಳಗಿಳಿಸಿ ನೋಡಿದಳು. ಗುಮಾಸ್ತರು ಇನ್ನೂ ಇಟ್ಟಿರಲಿಲ್ಲ.

“ಅಕ್ಕಾ, ಇದೀರಾ?”

“ಇದೀನಿ ಸರ್. ಆ ಮೇಲ್... ನಿಮ್ಮ ತಪ್ಪಲ್ಲ. ನಾನೇ ನಿಮಗೆ...”

“ಅದು ಬಿಡಿ ಅಕ್ಕಾ.” ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. “ನಾನು ಬರೀ ಕೇಳಿದ್ದು. ನೀವು ನೋಡಿದ್ರಲ್ಲ. ಹೇಗಿದ್ಲು?”

ಅವಳು ಕಿಟಕಿಯ ಕಡೆ ನೋಡಿದಳು. ಇಡೀ ಲೋಕದಲ್ಲಿ ಆ ಹೆಂಗಸಿನ ಮುಖವನ್ನು ಅವತ್ತು ಮನೆಯವರ ಪರವಾಗಿ ಕಂಡವಳು ತಾನೊಬ್ಬಳೇ.

“ಸುಸ್ತಾಗಿದ್ರು,” ಅಂದಳು. “ಕೂದಲು ಬಿಚ್ಚಿತ್ತು.”

“ಜಡೆ ಹಾಕೋಕೆ ಯಾರಿದಾರೆ ಅಲ್ಲಿ. ಅಕ್ಕಾ, ಆ ಚಪ್ಪಲಿ ಮಾತು ಹೇಳುವಾಗ ನಕ್ಕಳಲ್ಲ? ನಂಗೆ ಹಾಗೆ ಕೇಳಿಸ್ತು.”

ಮುಚ್ಚಿದ ಕಣ್ಣು, ಒಡೆದ ತುಟಿ, ತಡಕುವ ಬೆರಳು ಅವಳ ಮುಂದೆ ಬಂದು ನಿಂತವು.

“ಹೂಂ ಸರ್. ನಕ್ಕರು.”

“ಹೇಗೆ?”

“ಬಾಯಲ್ಲಿ ಜಾಸ್ತಿ ಇಲ್ಲ. ಕಣ್ಣಲ್ಲೇ ನಕ್ಕರು.”

“ಹಾಂ, ಅದೇ, ಅದೇ. ಅವಳು ಯಾವಾಗಲೂ ಹಾಗೇ ಅಕ್ಕಾ. ಮದುವೆಯಾದಾಗಿಂದಲೂ ಕಣ್ಣಲ್ಲೇ ನಗೋದು.” ಗುಮಾಸ್ತರ ದನಿ ಹಗುರಾಯಿತು. ಅವರು ಏನನ್ನೂ ಅನುಮಾನಿಸಲಿಲ್ಲ. ಫೋನನ್ನು ಮಾತ್ರ ಇಡಲಿಲ್ಲ.

“ಇನ್ನೊಂದ್ಸಲ ಹೇಳಿ ಅಕ್ಕಾ,” ಅಂದರು.

ಅವಳು ಕುರ್ಚಿಯ ಮೇಲಿನ ಬಟ್ಟೆಯನ್ನು ನೆಲಕ್ಕೆ ಸರಿಸಿ, ಕೂತು, ಮೊದಲಿಂದ ಹೇಳತೊಡಗಿದಳು.